ಮಳೆಗಾಲದ ಕಾಲುದಾರಿಯೂ ಬೈಸಿಕಲ್ಲಿನ ಟೈರೂ

ವ್ಯಾಕರಣವನ್ನೂ ಛಂದಸ್ಸನ್ನೂ ಬೋಧಿಸುವ ಪಂಡಿತನಿಗೆ ರಬ್ಬರಿನ ಟೈರಿನ ವಿಚಾರದಲ್ಲಿ ಏನು ಅಧಿಕಾರವೆಂದು ವಾಚಕ ಮಹಾಶಯರು ಕೇಳಬಹುದು. ನಾಲ್ವತ್ತು ವರ್ಷಗಳಿಂದ ಬೈಸಿಕಲ್ಲಿನ ಮೇಲೆಯೇ ಸಂಚರಿಸುತ್ತ ಬಂದಿರುವುದು ನನಗಿರುವ ಒಂದು ಅಧಿಕಾರ. ಅದಕ್ಕಿಂತ ಮಿಗಿಲಾದ ಕಾರಣ ಬೇರೆಯೇ ಉಂಟು. ನಮ್ಮ ಶಾಲೆಯ ಮಕ್ಕಳಲ್ಲಿ ಹಲವರು ಈಗ ಮೌಂಟನ್ ಬೈಕ್ ಎಂದು ಕರೆಯಲ್ಪಡುವ ದಪ್ಪ ಟೈರಿನ ಬೈಸಿಕಲ್ಲುಗಳನ್ನೇರಿ, ಅಡಕೆ ತೋಟಗಳ ಅಂಚಿನ ಕಾಲುದಾರಿ ಹಿಡಿದು ಬರುತ್ತಾರೆ. ಅವುಗಳಲ್ಲಿ ಕೆಲವು ದಾನಿಗಳು ಕೊಟ್ಟವು, ಕೆಲವು ಹೆತ್ತವರು ಹಳೆಯದನ್ನೇ ಕೊಂಡು ತಂದವು. ಬೈಸಿಕಲ್ಲು ಬಂದಾಗ ಅದರ ಬಣ್ಣವನ್ನೂ ಗೇರುಗಳನ್ನೂ ನೋಡಿ ಸಂತೋಷಪಡುವವರು ಬಹುಮಂದಿ. ಟೈರು ಯಾವ ದಾರಿಗೆ ತಕ್ಕುದೆಂದು ವಿಚಾರಿಸುವ ರೂಢಿ ಇನ್ನೂ ನಮ್ಮಲ್ಲಿ ಬೆಳೆದಿಲ್ಲ.

ಎರಡು ವರ್ಷಗಳ ಹಿಂದಿನ ಆಷಾಢದಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಹಾವಸೆಗಟ್ಟಿದ ಕಲ್ಲಿನ ಇಳಿಜಾರಿನಲ್ಲಿ ಮುಂದಿನ ಚಕ್ರ ಜಾರಿ ಬಿದ್ದು ಎಡಗೈ ಮುರಿದುಕೊಂಡಳು. ಆರು ವಾರ ತರಗತಿ ತಪ್ಪಿತು. ಆಕೆಯ ತಂದೆ ಬಂದು, "ಮೇಷ್ಟ್ರೇ, ಮಳೆ ಮುಗಿಯುವ ತನಕ ಹುಡುಗಿ ಮನೆಯಲ್ಲೇ ಇರಲಿ. ಓದು ಹಿಂದಾದರೂ ಚಿಂತೆಯಿಲ್ಲ, ಕೈಕಾಲು ಉಳಿದರೆ ಸಾಕು" ಎಂದರು. ಅವರ ಮಾತನ್ನು ಅಲ್ಲಗಳೆಯುವುದು ಸುಲಭವಾಗಿರಲಿಲ್ಲ. ಆದರೆ ಮಲೆನಾಡಿನಲ್ಲಿ ಮಳೆ ಮುಗಿಯುವುದೆಂದರೆ ಶಾಲೆಯ ಅರ್ಧ ವರ್ಷವೇ ಮುಗಿದಂತೆ. ಆ ಬೈಸಿಕಲ್ಲನ್ನು ತಳ್ಳಿಕೊಂಡು ಪೇಟೆಯ ರಿಪೇರಿ ಅಂಗಡಿಗೆ ಹೋದೆ. ವಯೋವೃದ್ಧರಾದ ಅಂಗಡಿಯವರು ಮುಂದಿನ ಚಕ್ರವನ್ನು ಒಮ್ಮೆ ತಿರುಗಿಸಿ ನೋಡಿ, "ಟೈರು ಸವೆದಿಲ್ಲ ಮೇಷ್ಟ್ರೇ, ಆದರೆ ಇದು ಒಣದಾರಿಯ ಟೈರು" ಎಂದರು. ಅಂದಿನಿಂದ ಈ ವಿಷಯವನ್ನು ಕೇಳಿ, ಓದಿ, ಪರೀಕ್ಷಿಸಿ ತಿಳಿದುಕೊಂಡದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಈ ಜಾತಿಯ ಬೈಸಿಕಲ್ಲಿನ ಹುಟ್ಟೂರು ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತ. ಶ್ವಿನ್ ಎಂಬ ಕಂಪನಿಯು 1933ರಲ್ಲಿ ದಪ್ಪ ಮೈಯ, ಕಡಿಮೆ ಗಾಳಿಯ ಟೈರುಳ್ಳ ಬೈಸಿಕಲ್ಲನ್ನು ಆ ದೇಶದ ಮಾರುಕಟ್ಟೆಗೆ ತಂದಿತು. ನಾಲ್ಕು ದಶಕಗಳ ತರುವಾಯ, ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಉತ್ತರದಲ್ಲಿರುವ ಮರಿನ್ ಜಿಲ್ಲೆಯ ತರುಣರು ಮೂಲೆಗೆ ಬಿದ್ದಿದ್ದ ಅಂಥ ಹಳೆಯ ಬೈಸಿಕಲ್ಲುಗಳನ್ನು ಹುಡುಕಿ ತಂದು ಬೆಟ್ಟದ ದಾರಿಗಳಲ್ಲಿ ಇಳಿಸತೊಡಗಿದರು. 1976ರ ಅಕ್ಟೋಬರಿನಲ್ಲಿ ಅಲ್ಲಿ 'ರಿಪ್ಯಾಕ್' ಎಂಬ ಇಳಿಜಾರಿನ ಸ್ಪರ್ಧೆ ಆರಂಭವಾಯಿತು. ಒಂದು ಸಲ ಇಳಿಯುವಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕಿನೊಳಗಣ ಗ್ರೀಸು ಕಾದು ಹೊಗೆಯಾಗಿ ಹೋಗಿ, ಮತ್ತೆ ಹೊಸದಾಗಿ ತುಂಬಬೇಕಾಗುತ್ತಿದ್ದುದರಿಂದ ಆ ಹೆಸರು ಬಂದಿತು. ದಪ್ಪ ಟೈರೂ ಕಡಿಮೆ ಗಾಳಿಯೂ ಬೆಟ್ಟದ ದಾರಿಗೆ ಒದಗುತ್ತವೆಂಬ ಅರಿವು ಹರಡಿದ್ದು ಅಲ್ಲಿಂದಲೇ. ಆದರೆ ಆ ಪ್ರಾಂತದಲ್ಲಿ ಬೇಸಗೆ ಮಳೆಯಿಲ್ಲದ ಕಾಲ, ದಾರಿ ಒಣಧೂಳಿನದು. ನಮ್ಮದಾದರೋ ಆಗುಂಬೆಯಂಥ ಕಡೆಗಳಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆ. ಅಗ್ಗದ ಬೈಸಿಕಲ್ಲಿನ ಜೊತೆಗೆ ಬರುವ ಟೈರು ಬಹುಮಟ್ಟಿಗೆ ಒಣನೆಲಕ್ಕೂ ಡಾಂಬರಿಗೂ ಹೊಂದುವಂಥದು: ಉಬ್ಬುಗಳು ಗಿಡ್ಡ, ನಡುವಣ ಎಡೆ ಕಿರಿದು, ರಬ್ಬರು ಗಡಸು.

ಒದ್ದೆ ಎಂಬುದು ಒಂದೇ ಪದವಾದರೂ ಒದ್ದೆ ದಾರಿ ಒಂದೇ ಬಗೆಯದಲ್ಲ. ನಾನು ಹುಟ್ಟಿ ಬೆಳೆದದ್ದು ನವಲಗುಂದ ಸೀಮೆಯ ಎರೆನೆಲದಲ್ಲಿ. ಅಲ್ಲಿ ಮಳೆ ಬಿದ್ದರೆ ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವೇ ತಿರುಗದು. ಕಡ್ಡಿಯಿಂದ ಮಣ್ಣು ಕೆರೆಯುತ್ತ, ಕೊನೆಗೆ ಬೈಸಿಕಲ್ಲನ್ನೇ ಹೆಗಲ ಮೇಲೆ ಹೊತ್ತು ನಡೆಯುವುದು ಆ ಕಡೆಯವರಿಗೆಲ್ಲ ಪರಿಚಿತವಾದ ಸಂಗತಿ. ಅಂಥ ನೆಲಕ್ಕೆ ಟೈರು ತುಸು ಸಪೂರವಾಗಿರಬೇಕು, ಉಬ್ಬುಗಳು ಎತ್ತರವಾಗಿ ವಿರಳವಾಗಿರಬೇಕು. ಆಗ ಚಕ್ರ ತಿರುಗಿದಂತೆಲ್ಲ ಮಣ್ಣು ಸಿಡಿದು ಉದುರುತ್ತದೆ. ಮಲೆನಾಡಿನ ಕಾಲುದಾರಿಯ ಸ್ವಭಾವ ಬೇರೆ. ಇಲ್ಲಿ ಕೆಮ್ಮಣ್ಣಿನ ಮೇಲೆ ತರಗೆಲೆ, ಅದರಡಿಯಲ್ಲಿ ಮರದ ಬೇರು, ನಡುನಡುವೆ ಹಾವಸೆಗಲ್ಲು. ಕಲ್ಲಿಗೂ ಬೇರಿಗೂ ಉಬ್ಬು ನಾಟುವುದಿಲ್ಲ. ಬಹಳ ಎತ್ತರದ ಉಬ್ಬು ಅವುಗಳ ಮೇಲೆ ಬಾಗಿಕೊಂಡು ಇನ್ನಷ್ಟು ಜಾರುತ್ತದೆ. ಅಲ್ಲಿ ಹಿಡಿತ ಕೊಡುವುದು ರಬ್ಬರಿನ ಮೃದುತ್ವ. ಆದುದರಿಂದ ಇಲ್ಲಿಗೆ ಒದಗುವುದು ಮಧ್ಯಮ ಎತ್ತರದ ಗಟ್ಟಿ ಉಬ್ಬುಗಳೂ, ಅವುಗಳ ಮೇಲೆ ಸಣ್ಣ ಸೀಳುಗಳೂ, ತಿರುವಿನಲ್ಲಿ ಆಸರೆ ಕೊಡುವ ಬಲವಾದ ಅಂಚಿನ ಸಾಲೂ ಇರುವ ಟೈರು.

ಇನ್ನು ಅಳತೆ. ನಾಮಪದಗಳಲ್ಲಿ ರೂಢನಾಮ, ಅನ್ವರ್ಥನಾಮವೆಂಬ ಭೇದವನ್ನು ಮಕ್ಕಳಿಗೆ ಕಲಿಸುತ್ತೇವಷ್ಟೆ. ಟೈರಿನ ಇಂಚು ಶುದ್ಧ ರೂಢನಾಮ. 26 ಎಂಬ ಹೆಸರಿನ ಟೈರುಗಳಲ್ಲಿ 26 × 2.10 ಎಂಬುದು 559 ಮಿಲಿಮೀಟರಿನ ರಿಮ್ಮಿಗೆ ಕೂರುತ್ತದೆ. 26 × 1⅜ ಎಂಬುದು 590 ಮಿಲಿಮೀಟರಿನದಕ್ಕೆ. ಒಂದಕ್ಕೆ ಮತ್ತೊಂದು ಎಂದಿಗೂ ಕೂರದು. ನಮ್ಮ ಹಿರಿಯರ 28 × 1½ರ ರಿಮ್ಮು 635 ಮಿಲಿಮೀಟರು. ಈಗಿನ 29 ಇಂಚಿನದು 622 ಮಾತ್ರ! ಹೆಸರಿನಲ್ಲಿ ಕಿರಿದಾದದ್ದು ಅಳತೆಯಲ್ಲಿ ಹಿರಿದು. ಟೈರಿನ ಪಕ್ಕದಲ್ಲಿ 54-559 ಎಂಬಂತೆ ಅಚ್ಚಾಗಿರುವ ಜೋಡಿ ಸಂಖ್ಯೆಯೇ ನಿಜವಾದ ಅಳತೆ: ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನದು. ಅದನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋದರೆ ಹಣವೂ ಉಳಿಯುತ್ತದೆ, ಓಡಾಟವೂ ತಪ್ಪುತ್ತದೆ.

ಬೆಲೆಯಲ್ಲಿ ಅಜಗಜಾಂತರವುಂಟು. ಲೂಧಿಯಾನಾದಲ್ಲಿ ತಯಾರಾಗುವ ದೇಶೀ ಟೈರಿಗಿಂತ ಹೊರದೇಶದ ಹೆಸರಾಂತ ಟೈರಿಗೆ ನಾಲ್ಕೈದು ಪಟ್ಟು ಕೊಡಬೇಕಾದೀತು. ಆ ಹೆಚ್ಚಿನ ಹಣದಲ್ಲಿ ಒಂದು ಪಾಲು ಹೋಗುವುದು ಹಗುರತನಕ್ಕೆ. ತಂತಿಯ ಅಂಚಿನ ಬದಲು ಮಡಿಚಬಹುದಾದ ನೂಲಿನ ಅಂಚನ್ನು ಹಾಕಿದ ಟೈರು ಹಗುರ, ಬೆಲೆ ಹೆಚ್ಚು. ಆದರೆ ಅಂಚು ಬದಲಾದ ಮಾತ್ರಕ್ಕೆ ನೆಲದ ಹಿಡಿತ ಹೆಚ್ಚುವುದಿಲ್ಲ. ಶಾಲೆಗೆ ಹೋಗುವ ಮಗುವಿಗೆ ತಂತಿಯ ಅಂಚೇ ಸಾಕು. ಹಣ ಸಲ್ಲಬೇಕಾದದ್ದು ರಬ್ಬರಿಗೆ. ಅದರ ಗಡಸುತನವನ್ನು ಅಳೆಯುವ ಮಾನವೊಂದುಂಟು. ಅದರಲ್ಲಿ 60ರ ಆಸುಪಾಸಿನದು ಗಡಸು, 50ರ ಆಸುಪಾಸಿನದು ಮೃದು. ಅಗ್ಗದ ಟೈರುಗಳ ಮೇಲೆ ಈ ಅಂಕಿ ಸಾಮಾನ್ಯವಾಗಿ ಇರುವುದಿಲ್ಲ. ಉಬ್ಬನ್ನು ಉಗುರಿನಿಂದ ಒತ್ತಿ ಎರಡು ಮೂರು ಟೈರುಗಳನ್ನು ಹೋಲಿಸಿದರೆ ಅಂತರ ಕೈಗೇ ತಿಳಿಯುತ್ತದೆ. ಬಹುಕಾಲ ಅಂಗಡಿಯಲ್ಲಿ ತೂಗಿ ಪಕ್ಕದಲ್ಲಿ ಬಿರುಕುಬಿಟ್ಟ ಟೈರು ಎಷ್ಟು ಅಗ್ಗವಾದರೂ ಬೇಡ.

ಎರಡು ಒಳ್ಳೆಯ ಟೈರಿಗೆ ಹಣ ಸಾಲದಿದ್ದರೆ ಒಂದನ್ನೇ ಕೊಂಡು ಮುಂದಿನ ಚಕ್ರಕ್ಕೆ ಹಾಕತಕ್ಕದ್ದು. ಹಿಂದಿನ ಚಕ್ರ ಜಾರಿದರೆ ಸವಾರನು ಮೈ ಸರಿಪಡಿಸಿಕೊಂಡು ಉಳಿದುಕೊಳ್ಳುವುದುಂಟು. ಮುಂದಿನದು ಜಾರಿದರೆ ದಿಕ್ಕೂ ತಪ್ಪಿ ಸಮತೋಲವೂ ತಪ್ಪಿ ಕ್ಷಣಮಾತ್ರದಲ್ಲಿ ನೆಲ ಕಾಣುತ್ತಾನೆ. ಮೃದು ರಬ್ಬರು ಡಾಂಬರಿನ ಮೇಲೆ ಬೇಗ ಸವೆಯುತ್ತದೆಂಬ ದೋಷಕ್ಕೂ ಇಲ್ಲಿಯೇ ಪರಿಹಾರವಿದೆ. ಪೆಡಲಿನ ಬಲವೂ ಹೆಚ್ಚಿನ ಭಾರವೂ ಬೀಳುವುದು ಹಿಂದಿನ ಚಕ್ರದ ಮೇಲಾದ್ದರಿಂದ ಮುಂದಿನದು ನಿಧಾನವಾಗಿ ಸವೆಯುತ್ತದೆ. ಮುಂದೆ ಹೊಸತನ್ನು ತಂದಾಗ ಹಳೆಯದನ್ನು ಹಿಂದಕ್ಕೆ ಹಾಕಿದರೆ ಅದರ ಉಳಿದ ಆಯುಸ್ಸೂ ಸಾರ್ಥಕ. ಆ ವಿದ್ಯಾರ್ಥಿನಿಯ ಬೈಸಿಕಲ್ಲಿಗೆ ಮಾಡಿಸಿದ್ದೂ ಇಷ್ಟೇ. ಕೈ ಕೂಡಿಕೊಂಡ ಮೇಲೆ ತಂದೆಯವರು ತಾವೇ ಜೊತೆಯಲ್ಲಿ ನಡೆದು ಆಕೆ ಆ ಇಳಿಜಾರನ್ನು ಇಳಿಯುವುದನ್ನು ನೋಡಿದರು. ಮರುದಿನದಿಂದ ಆಕೆ ಒಬ್ಬಳೇ ಬಂದಳು.

ಖರ್ಚೇ ಇಲ್ಲದ ಉಪಾಯವೊಂದಿದೆ, ಅದು ಗಾಳಿ. ಕಲ್ಲಿನಂತೆ ಗಟ್ಟಿಯಾಗುವವರೆಗೆ ಗಾಳಿ ಹೊಡೆಯಿಸುವುದು ನಮ್ಮವರ ವಾಡಿಕೆ. ಮಗು, ಚೀಲ, ಬೈಸಿಕಲ್ಲು ಸೇರಿ ಹಿಂದಿನ ಚಕ್ರದ ಮೇಲೆ 40 ಕಿಲೋ ಭಾರ ಬೀಳುವುದೆಂದು ಭಾವಿಸೋಣ. ಗಾಳಿ 45 ಪೌಂಡಿದ್ದರೆ ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 13 ಚದರ ಸೆಂಟಿಮೀಟರು. 30 ಪೌಂಡಿಗೆ ಇಳಿಸಿದರೆ ಸುಮಾರು 19. ಹಿಡಿಯುವ ನೆಲ ಒಂದೂವರೆ ಪಟ್ಟಾಯಿತು! ಆದರೆ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಕನಿಷ್ಠ ಮಿತಿಗಿಂತ ಕೆಳಗಿಳಿಯಬಾರದು; ಇಳಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬು ಪಂಕ್ಚರಾಗುತ್ತದೆ.

ದಾನಿಗಳಾದ ಮಹನೀಯರಲ್ಲಿ ಒಂದು ಅರಿಕೆ. ಬೈಸಿಕಲ್ಲನ್ನು ಕೊಡುವ ಕೈ ದೊಡ್ಡದು. ಆದರೆ ಹತ್ತು ಬೈಸಿಕಲ್ಲು ಕೊಡುವ ಸಂಕಲ್ಪವಿದ್ದಲ್ಲಿ ಒಂಬತ್ತನ್ನು ಕೊಟ್ಟು, ಉಳಿದ ಹಣದಲ್ಲಿ ಆ ಒಂಬತ್ತಕ್ಕೂ ಮುಂದಿನ ಚಕ್ರಕ್ಕೆ ದಾರಿಗೆ ತಕ್ಕ ಟೈರನ್ನೂ ಶಾಲೆಗೆ ಗಾಳಿಯ ಅಳತೆ ತೋರಿಸುವ ಪಂಪೊಂದನ್ನೂ ಕೊಡಿಸಿದರೆ ಆ ದಾನ ಮಳೆಗಾಲದಲ್ಲಿಯೂ ನಿಲ್ಲುತ್ತದೆ. ಅಧ್ಯಾಪಕ ಬಂಧುಗಳು ಮೃಗಶಿರಾ ಮಳೆ ಹಿಡಿಯುವ ಮುನ್ನ ಒಂದು ಶನಿವಾರ ಮಧ್ಯಾಹ್ನ ಮಕ್ಕಳ ಬೈಸಿಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ ಮುಂದಿನ ಟೈರುಗಳನ್ನು ಮುಟ್ಟಿ ನೋಡಲಿ. ಸವೆದವು ಯಾವುವು, ಗಡಸಾದವು ಯಾವುವು ಎಂಬುದರ ಪಟ್ಟಿ ಅಂದೇ ಸಿದ್ಧವಾಗುತ್ತದೆ. ಮಳೆಗೆ ಮುಂಚೆ ಯಾವ ಮಗುವಿನ ಚಕ್ರಕ್ಕೆ ಮೊದಲು ಹಣ ಸಲ್ಲಬೇಕೆಂಬುದು ಅದರಿಂದಲೇ ತಿಳಿಯುತ್ತದೆ.