ಐದ್ಹತ್ತು ರೂಪಾಯಿಯ ಸಿರಿಂಜು ಸಿಗದೆ

2024ರ ಜುಲೈನಲ್ಲಿ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲೆಲ್ಲ ಒಂದೇ ಸುದ್ದಿ. ತ್ರಿಪುರಾದಲ್ಲಿ 828 ವಿದ್ಯಾರ್ಥಿಗಳಿಗೆ ಎಚ್‌ಐವಿ, 47 ಮಂದಿ ಸಾವು. ಓದಿದವರಿಗೆ ಮೊನ್ನೆ ಮೊನ್ನೆ ಆದದ್ದು ಅನ್ನಿಸುವ ಹಾಗೆ ಬರೆದಿದ್ದರು. ಆಮೇಲೆ ತ್ರಿಪುರಾ ಸರಕಾರ ಸ್ಪಷ್ಟನೆ ಕೊಟ್ಟಿತು, ಇದು 2007ರಿಂದ 2024ರ ಮೇ ತನಕದ ಒಟ್ಟು ಲೆಕ್ಕ ಎಂದು. ಆ ಸ್ಪಷ್ಟನೆ ನಮ್ಮ ಯಾವ ಗುಂಪಿಗೂ ಬರಲಿಲ್ಲ. ನಮ್ಮ ಕಸುಬಿನಲ್ಲಿ ಇದು ಹೊಸದೇನಲ್ಲ.

ಆದರೆ ಆ ಸುದ್ದಿ ಓದಿ ಶಹಾಬಾದದ ಚಹಾದಂಗಡಿಯಲ್ಲಿ ಹಿರಿಯರೊಬ್ಬರು ಕೇಳಿದ ಮಾತು ನನ್ನ ತಲೆಯಲ್ಲಿ ಉಳಿಯಿತು. "ಅಲ್ಲೋ ತಮ್ಮಾ, ನಶಾ ಮಾಡಿದ್ರ ತಲಿ ಕೆಡ್ತದ, ಮನಿ ಹಾಳಾಗ್ತದ. ಏಡ್ಸ್ ಹ್ಯಾಂಗ ಬರ್ತದ?"

ಸರಿಯಾದ ಪ್ರಶ್ನೆ. ಸುದ್ದಿ ಬರೆದವರು ಹೇಳದೆ ಬಿಟ್ಟದ್ದೂ ಇದನ್ನೇ. ನಶೆಯ ಔಷಧಿಯೊಳಗೆ ಎಚ್‌ಐವಿ ಇರುವುದಿಲ್ಲ. ಚುಚ್ಚಿಕೊಳ್ಳುವಾಗ ಸ್ವಲ್ಪ ರಕ್ತ ಸಿರಿಂಜಿನೊಳಗೆ ಬರುತ್ತದೆ. ಔಷಧಿ ಪೂರ್ತಿ ಒಳಗೆ ಹೋದರೂ ಸೂಜಿಯ ಬುಡದಲ್ಲಿ, ಕಣ್ಣಿಗೆ ಕಾಣದಷ್ಟು ರಕ್ತ ಉಳಿಯುತ್ತದೆ. ಅದೇ ಸಿರಿಂಜನ್ನು ಇನ್ನೊಬ್ಬ ತೆಗೆದುಕೊಂಡರೆ ಮೊದಲನೆಯವನ ರಕ್ತ ನೇರ ಅವನ ನರಕ್ಕೆ. ಗಾಳಿಗೆ ಬಿದ್ದ ವೈರಸ್ ಬೇಗ ಸಾಯುತ್ತದೆ, ನಿಜ. ಆದರೆ ಸಿರಿಂಜಿನೊಳಗೆ ಉಳಿದ ರಕ್ತದಲ್ಲಿ ದಿನಗಟ್ಟಲೆ ಬದುಕಬಲ್ಲದು. ನೀರಿನಲ್ಲಿ ಜಾಲಾಡಿದರೆ ಹೋಗುತ್ತದೆ ಅಂತ ನಂಬುವ ಹಾಗಿಲ್ಲ. ಹೆಪಟೈಟಿಸ್ ಸಿ ಅನ್ನುವ ಕಾಮಾಲೆ ರೋಗದ ವೈರಸ್ ಇದಕ್ಕಿಂತ ಗಟ್ಟಿ, ಹಂಚಿಕೊಂಡ ಚಮಚ, ಹತ್ತಿ, ನೀರಿನಿಂದಲೂ ದಾಟುತ್ತದೆ.

ಇದು ಚಟದವರಿಗೆ ಮಾತ್ರ ಸಂಬಂಧಿಸಿದ್ದು ಅಂದುಕೊಳ್ಳಬೇಡಿ. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರ್‌ಮವು ಕಡೆ ಹತ್ತಾರು ಜನರಿಗೆ ಎಚ್‌ಐವಿ ಇರುವುದು ಗೊತ್ತಾಯಿತು. ಓಣಿ ಓಣಿ ತಿರುಗಿ ಅಗ್ಗಕ್ಕೆ ಔಷಧ ಕೊಡುತ್ತಿದ್ದ ನಕಲಿ ವೈದ್ಯನೊಬ್ಬ ಒಂದೇ ಸೂಜಿಯನ್ನು ಹಲವರಿಗೆ ಬಳಸಿದ್ದ ಎಂಬ ಆರೋಪದ ಮೇಲೆ ಅವನನ್ನು ಬಂಧಿಸಿದರು. ಜ್ವರ, ಕೆಮ್ಮಿಗೆ ಸೂಜಿ ಮಾಡಿಸಿಕೊಂಡ ಬಡವರು ಅವರು. ನಮ್ಮ ಹಳ್ಳಿಗಳಲ್ಲೂ ಸೂಜಿ ಮಾಡದ ಡಾಕ್ಟರು ಡಾಕ್ಟರೇ ಅಲ್ಲ. ಪಾಕೀಟು ನಿಮ್ಮ ಕಣ್ಣೆದುರು ಹರಿಯುತ್ತಾರೋ ಇಲ್ಲವೋ ನೋಡಿಕೊಳ್ಳಿ.

ಈಗ ನಮ್ಮ ಭಾಗದ ಮಾತು. ಕರ್ನಾಟಕದಲ್ಲಿ ಎಚ್‌ಐವಿ ಹರಡಿದ್ದು ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ. ನಮ್ಮ ಕಡೆ ನಶೆ ಅಂದರೆ ಶೆರೆ, ಸಿ.ಎಚ್. ಪೌಡರ್ ಬೆರೆಸಿದ ಸೇಂದಿ, ಗಾಂಜಾ. ಸೂಜಿಯ ಮಾತು ಯಾರೂ ಎತ್ತುವುದಿಲ್ಲ. ಆದರೆ ಪರ್ಶಿ ಕಲ್ಲಿನ ಖಣಿಯಲ್ಲಿ ಕೆಲಸ ಕಡಿಮೆಯಾದಾಗ ನಮ್ಮ ಹುಡುಗರು ವಾಡಿಯಲ್ಲಿ ರೈಲು ಹತ್ತಿ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ. ಹೋದಲ್ಲಿ ಏನು ಸಿಗುತ್ತದೋ ಅದನ್ನು ಹಚ್ಚಿಕೊಂಡು ಬರುತ್ತಾರೆ.

ಅಂಥ ಒಬ್ಬ ಹುಡುಗನ ಸೋದರಮಾವ ಒಂದು ದಿನ ನನ್ನ ಹತ್ತಿರ ಬಂದರು. ಯಾವ ಹಳ್ಳಿ ಅಂತ ಬರೆಯುವುದಿಲ್ಲ. "ತಮ್ಮಾ, ನೀ ಪೇಪರ್‌ದಾಂವ ಇದ್ದಿ, ಆದ್ರೂ ಪೇಪರಿನಾಗ ಹಾಕಬ್ಯಾಡ" ಎಂದೇ ಮಾತು ಶುರು ಮಾಡಿದರು. ಅಳಿಯ ಮುಂಬೈಯಿಂದ ಬಂದು ಎರಡು ತಿಂಗಳು. ತೋಳಿನ ತುಂಬ ಕಲೆ, ಒಂದು ಕಡೆ ಕೀವು. ಊರಲ್ಲಿ ಗುಸುಗುಸು ಎದ್ದಿದೆ.

ಹುಡುಗನ ಜೊತೆ ನಾನೂ ಮಾತಾಡಿದೆ. ಮುಂಬೈಯಲ್ಲಿ ಒಂದು ಸಂಸ್ಥೆಯವರು ವಾರಕ್ಕೆ ಎರಡು ಮೂರು ಸಲ ಬಂದು ಹೊಸ ಸೂಜಿ, ಸಿರಿಂಜು ಕೊಟ್ಟು ಹಳೆಯದನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದರಂತೆ. ಕೀವಾದರೆ ಪಟ್ಟಿ ಕಟ್ಟುತ್ತಿದ್ದರು, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಕರೆಯುತ್ತಿದ್ದರು. ಊರಿಗೆ ಬಂದ ಮೇಲೆ ಮೆಡಿಕಲ್ ಅಂಗಡಿಯಲ್ಲಿ ಸಿರಿಂಜು ಕೇಳಿದ. ಅಂಗಡಿಯವ "ಯಾರಿಗೆ? ಚೀಟಿ ಎಲ್ಲದ?" ಎಂದು ನಾಲ್ಕು ಜನರ ಎದುರು ಕೇಳಿದ. ಇವನು ಮತ್ತೆ ಆ ಕಡೆ ಹೋಗಲಿಲ್ಲ. ಐದ್ಹತ್ತು ರೂಪಾಯಿಯ ಸಿರಿಂಜು ಸಿಗದೆ, ತನ್ನ ಹಾಗೆಯೇ ಪರಊರಿನಿಂದ ಬಂದ ಇನ್ನೊಬ್ಬನ ಜೊತೆ ಒಂದನ್ನೇ ಹದಿನೈದು ದಿನ ಬಳಸಿದ್ದ. ಮುಂಬೈಯಂಥ ಊರಲ್ಲಿ ತಪ್ಪಿಸಿಕೊಂಡವನು ಅಪಾಯಕ್ಕೆ ಬಿದ್ದದ್ದು ಸ್ವಂತ ಊರಿನಲ್ಲಿ.

ಇದೇ ಕಥೆ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಆಗಿಹೋಗಿದೆ. 1980ರ ದಶಕದ ಆರಂಭದಲ್ಲಿ ಅಲ್ಲಿ ಪೊಲೀಸರು ಸಿರಿಂಜು ಕಂಡರೆ ಕಿತ್ತುಕೊಳ್ಳತೊಡಗಿದರು, ಅಂಗಡಿಯಲ್ಲಿ ಸಿಗದಂತಾಯಿತು. ಚಟ ನಿಲ್ಲಲಿಲ್ಲ, ಒಂದೇ ಸೂಜಿ ಹತ್ತು ಕೈ ತಿರುಗಿತು. 1986ರಲ್ಲಿ ಅಲ್ಲಿನ ಒಂದು ದವಾಖಾನೆಯಲ್ಲಿ ಪರೀಕ್ಷೆ ಮಾಡಿದಾಗ ಚುಚ್ಚಿಕೊಳ್ಳುವವರಲ್ಲಿ ಸುಮಾರು ಅರ್ಧ ಜನಕ್ಕೆ ಎಚ್‌ಐವಿ. ಪಕ್ಕದ ಗ್ಲಾಸ್ಗೋದಲ್ಲಿ ಅದರ ಅಲ್ಪ ಭಾಗ ಮಾತ್ರ ಇತ್ತು. ನಮ್ಮ ದೇಶದ ಮಣಿಪುರದಲ್ಲೂ 1990ರ ಆಸುಪಾಸು ಒಂದೇ ವರ್ಷದಲ್ಲಿ ಹೀಗೆಯೇ ಅರ್ಧದಷ್ಟು ಜನಕ್ಕೆ ತಗುಲಿತು. ಅವರು ಪಾಠ ಕಲಿತು 1990ರ ದಶಕದಲ್ಲೇ ಹೊಸ ಸೂಜಿ ಹಂಚಲು ಶುರು ಮಾಡಿದರು. ಈಗ ಅದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಭಾಗ.

"ಸರಕಾರನೇ ಸೂಜಿ ಕೊಟ್ರ ಚಟ ಬೆಳಸಿದಾಂಗ ಆಗೂದಿಲ್ಲೇನು?" ಮಾವ ಕೇಳಿದರು. ನೀವೂ ಕೇಳುತ್ತೀರಿ. ಸೂಜಿ ಕೊಡದಿದ್ದರೆ ಚಟ ಬಿಟ್ಟವರನ್ನು ನಾನಂತೂ ಕಂಡಿಲ್ಲ. ಸೂಜಿ ಕೊಡುವವನು ವಾರವಾರ ಮುಖ ನೋಡುತ್ತಾನೆ, ಒಂದು ದಿನ "ಸಾಕಾಯ್ತು" ಅಂದಾಗ ಕೈಹಿಡಿದು ದವಾಖಾನೆಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಬುಪ್ರಿನಾರ್ಫಿನ್ ಅನ್ನುವ ಮಾತ್ರೆ ಇದೆ. ಸಾಮಾನ್ಯವಾಗಿ ಸಿಬ್ಬಂದಿಯ ಎದುರಿಗೇ ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು, ಉಚಿತ. ಹೆರಾಯಿನ್ ಥರದ ನಶೆ ಬಿಟ್ಟಾಗ ಬರುವ ಮೈನೋವು, ನಡುಕ, ತಹತಹ ತಡೆಯುತ್ತದೆ. ಸೂಜಿಯ ಗೊಡವೆ ತಪ್ಪುತ್ತದೆ, ಮನುಷ್ಯ ಕೆಲಸಕ್ಕೆ ಹೋಗುತ್ತಾನೆ.

ಪೊಲೀಸರ ಭಯವೂ ಮಾವನಿಗಿತ್ತು. 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ 22ನೇ ಕಲಂ ಓದಿ ಹೇಳಿದೆ. ನೋಂದಾಯಿತ ಕಾರ್ಯಕ್ರಮದಲ್ಲಿ ಸೂಜಿ ಕೊಡುವವನೂ, ಹಳೆಯದನ್ನು ಕೊಟ್ಟು ಹೊಸದು ತೆಗೆದುಕೊಳ್ಳುವವನೂ ಅಪರಾಧಿಯಲ್ಲ ಎಂದು ಉದಾಹರಣೆ ಸಮೇತ ಬರೆದಿದ್ದಾರೆ. ಮಾದಕವಸ್ತು ಕಾಯ್ದೆಯ 64ಎ ಕಲಂ, ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಪಡೆದವನನ್ನು ಶಿಕ್ಷೆಯಿಂದ ಕಾಯುತ್ತದೆ.

ತೊಂದರೆ ಬೇರೆಯೇ ಇದೆ. ಈ ಕೇಂದ್ರಗಳನ್ನು ಚುಚ್ಚಿಕೊಳ್ಳುವವರು ಬಹಳ ಇರುವ ಕಡೆ ಲೆಕ್ಕ ಹಾಕಿ ತೆರೆಯುತ್ತಾರೆ. ಹಳ್ಳಿಗೊಬ್ಬ ಇಬ್ಬರು ಯಾವ ಲೆಕ್ಕಕ್ಕೂ ಬರುವುದಿಲ್ಲ. ಹತ್ತಿರ ಎಲ್ಲೋ ಇದ್ದರೂ ದಿನಾ ಬಸ್ಸು ಹತ್ತಿ ಮಾತ್ರೆಗೆ ಹೋದರೆ ಆ ದಿನದ ಪಗಾರ ಹೋಯಿತು. 2020ರ ಲಾಕ್‌ಡೌನಿನಲ್ಲಿ ಹಲವು ದಿನದ ಮಾತ್ರೆಯನ್ನು ಮನೆಗೆ ಒಯ್ಯಲು ಕೊಟ್ಟಿದ್ದರು. ಆಗ ಆದದ್ದು ದೂರದ ಹಳ್ಳಿಯವರಿಗೆ ಈಗ ಯಾಕೆ ಆಗಬಾರದು ಅನ್ನುವುದು ನನ್ನ ವಾದ.

ಮಾವ 1097ಕ್ಕೆ ಫೋನು ಮಾಡಿದರು, ದುಡ್ಡು ಹತ್ತುವುದಿಲ್ಲ. ಸರಕಾರಿ ದವಾಖಾನೆಯ ಐಸಿಟಿಸಿಯಲ್ಲಿ ಹುಡುಗನ ರಕ್ತ ಕೊಟ್ಟು ಬಂದರು. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆಗೆ ಸಿಗದೇ ಇರಬಹುದು, ಅದಕ್ಕೇ ಮೂರು ತಿಂಗಳ ನಂತರ ಮತ್ತೊಮ್ಮೆ. ಜೊತೆಯವನನ್ನೂ ಕರೆದುಕೊಂಡು ಹೋದದ್ದು ಹುಡುಗನೇ. ಫಲಿತಾಂಶ ಏನು ಬಂತೆಂದು ಊರಿನವರು ನನ್ನನ್ನು ಕೇಳಿದರು, ನಾನು ಸುದ್ದಿ ಕಳಿಸುವ ಪತ್ರಿಕೆಯ ಡೆಸ್ಕಿನವರೂ ಹಳ್ಳಿಯ ಹೆಸರು ಹಾಕಿ ನಾಲ್ಕು ಸಾಲು ಕೊಡು ಎಂದರು. ಕೊಡಲಿಲ್ಲ. ಇಲ್ಲೂ ಬರೆಯುವುದಿಲ್ಲ.

ಹುಡುಗ ಈಗ ಮುಂಬೈಯಲ್ಲೇ ಇದ್ದಾನೆ, ಮಾತ್ರೆಯ ಕೇಂದ್ರ ಇರುವ ಕಡೆ ರೂಮು ಮಾಡಿಕೊಂಡು. ಹೋದ ತಿಂಗಳು ಮಾವ ಫೋನು ಮಾಡಿದ್ದರು. "ದೀಪಾವಳಿಗಿ ಬರ್ತೀನಿ ಅಂತಾನ ತಮ್ಮಾ. ನಾಕು ದಿನದ ಮಾತ್ರಿ ಕಟ್ಟಿ ಕೊಡ್ತಾರೇನು?"

"ಅಲ್ಲಿ ಡಾಕ್ಟರಿಗೇ ಕೇಳಬೇಕು ಕಾಕಾ. ಈಗಿಂದ್ಲೇ ಕೇಳಲಿಕ್ಕೆ ಹೇಳ್ರಿ" ಎಂದೆ.