ತಾತನ ಗೊರಕೆ ನಿಂತಾಗ

ನಮ್ಮ ಮನೆಯವರ ಗೊರಕೆ ನೆಂಟರಿಷ್ಟರಲ್ಲೆಲ್ಲ ಪ್ರಸಿದ್ಧ. ಮದುವೆ ಛತ್ರದಲ್ಲಿ ಅವರು ಮಲಗಿದ ಕೋಣೆಯಿಂದ ಉಳಿದವರು ಚಾಪೆ ಸುತ್ತಿಕೊಂಡು ಹೊರಡುತ್ತಿದ್ದರು. ಕುಂಭಕರ್ಣ ಅಂದರೆ ಅವರೂ ನಗುತ್ತಿದ್ದರು. ಗೊರಕೆ ಅಂದರೆ ಗಾಢ ನಿದ್ದೆ ಅಂತಲೇ ನಮ್ಮಲ್ಲಿ ನಂಬಿಕೆ. ಆದರೆ ಅಷ್ಟು ನಿದ್ದೆ ಮಾಡಿದವರು ಬೆಳಿಗ್ಗೆ ತಲೆನೋವು ಅನ್ನುತ್ತಿದ್ದರು, ಪೇಪರ್ ಹಿಡಿದಲ್ಲೇ ತೂಕಡಿಸುತ್ತಿದ್ದರು. ಎರಡು ಮಾತ್ರೆ ನುಂಗಿದರೂ ಬಿ.ಪಿ. ಇಳಿಯುತ್ತಿರಲಿಲ್ಲ.

ಕಾರಣದ ಸುಳಿವು ಕೊಟ್ಟವಳು ಬೇಸಿಗೆ ರಜೆಗೆ ಬಂದ ಮೊಮ್ಮಗಳು. ಆಗ ಐದನೇ ಕ್ಲಾಸು. ತಾತನ ಪಕ್ಕದಲ್ಲೇ ಮಲಗಬೇಕೆಂಬ ಹಟ. ಒಂದು ದಿನ ದೋಸೆ ತಿನ್ನುತ್ತಾ, "ಅಜ್ಜಿ, ತಾತ ಉಸಿರಾಡೋದೇ ಮರ್ತುಬಿಡ್ತಾರೆ. ನಾನು ಎಣಿಸ್ದೆ, 22ರ ತನಕ ಬಂತು. ಆಮೇಲೆ ಗೊರ್ ಅಂತ ಬೆಚ್ಚಿಬಿದ್ರು" ಅಂದಳು. ಆ ರಾತ್ರಿ ನಾನೂ ಎದ್ದು ಕೂತೆ. ಎದೆ, ಹೊಟ್ಟೆ ಏರಿಳಿಯುತ್ತಿವೆ; ಮೂಗಿನ ಹತ್ತಿರ ಕೈ ಇಟ್ಟರೆ ಗಾಳಿಯೇ ಇಲ್ಲ. ನಲವತ್ತು ವರ್ಷ ಆ ಗೊರಕೆಯನ್ನು ಬೈದವಳು, ಯಾವಾಗ ಗೊರಕೆ ಬಂದೀತೋ ಎಂದು ಕಾದೆ.

ಡಾಕ್ಟರು ಇದಕ್ಕೆ ಸ್ಲೀಪ್ ಅಪ್ನಿಯಾ ಅಂದರು. ಮಕ್ಕಳೇ, ನೆನೆದು ಮೆತ್ತಗಾದ ಕಾಗದದ ಸ್ಟ್ರಾದಲ್ಲಿ ಎಳನೀರು ಎಳೆದು ನೋಡಿದ್ದೀರಾ? ಎಳೆದಷ್ಟೂ ಒಳಗೆ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಕೆಲವರಿಗೆ ಹಾಗೇ ಆಗುತ್ತದೆ. ದಾರಿ ಕಿರಿದಾದರೆ ಗೊರಕೆ, ಪೂರ್ತಿ ಮುಚ್ಚಿದರೆ ಮೌನ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಗಾಬರಿಯಿಂದ ಒಂದು ಕ್ಷಣ ಎಬ್ಬಿಸುತ್ತದೆ, ಗಂಟಲು ತೆರೆಯುತ್ತದೆ, ಮತ್ತೆ ನಿದ್ದೆ. ಮಲಗಿದವರಿಗೆ ಇದರ ನೆನಪೇ ಇರುವುದಿಲ್ಲ. ಪಕ್ಕದಲ್ಲಿದ್ದವರೇ ಸಾಕ್ಷಿ.

ತಲೆಗೆ ವೈರು, ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು ಹಾಕಿ ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡಿದರು. ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ಅಥವಾ ತೀರಾ ಕಡಿಮೆಯಾದರೆ ಒಂದು ಸಲ ಎಂದು ಲೆಕ್ಕ. ಗಂಟೆಗೆ 30 ದಾಟಿದರೆ ತೀವ್ರ. ಇವರದು 41! ಹೃದಯಕ್ಕೂ ಭಾರ, ಪಾರ್ಶ್ವವಾಯುವಿನ ಭಯವೂ ಇದೆ, ವಾಹನ ಓಡಿಸುವಾಗ ಕಣ್ಣು ಮುಚ್ಚಿದರಂತೂ ಮುಗಿಯಿತು. ಕೆಲವು ತಿಂಗಳು ಸ್ಕೂಟರ್ ಕೀ ನನ್ನ ಸೆರಗಿನ ಗಂಟಿನಲ್ಲಿತ್ತು.

ಚಿಕಿತ್ಸೆಗೆ ಬಂದದ್ದು ಸಿಪ್ಯಾಪ್ ಯಂತ್ರ. ಆಮ್ಲಜನಕದ ಸಿಲಿಂಡರ್ ಎಂದು ಬೀದಿಯವರು ಹೆದರಿದ್ದರು, ಅದಲ್ಲ. ಕೋಣೆಯ ಗಾಳಿಯನ್ನೇ ಮೆಲ್ಲಗೆ ಒತ್ತಿ ಮಾಸ್ಕಿನ ಮೂಲಕ ಕಳಿಸುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬು ಚಪ್ಪಟೆಯಾಗುವುದಿಲ್ಲವಲ್ಲ, ಗಂಟಲೂ ಹಾಗೆ ತೆರೆದಿರುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯ ಕಾಲಿನ್ ಸಲಿವನ್ ಎಂಬ ವೈದ್ಯರು ಈ ಉಪಾಯವನ್ನು 1981ರಲ್ಲಿ ಪ್ರಕಟಿಸಿದರು.

ಯಂತ್ರ ತಂದ ಕೂಡಲೇ ಎಲ್ಲ ಸರಿಹೋಯಿತು ಅಂದರೆ ಸುಳ್ಳು. ಮೂಗಿನ ಮೇಲೆ ಗಾಯ, ಬಾಯಿ ಒಣಗುವುದು, ನಡುರಾತ್ರಿ ಕಿತ್ತೆಸೆಯುವುದು. "ನಾನೇನು ಐಸಿಯುನಲ್ಲಿದ್ದೀನಾ?" ಎಂದು ನನ್ನ ಮೇಲೆ ರೇಗಾಟ. ಮೊಮ್ಮಗಳು ಕೊಳವೆ ನೋಡಿ "ಗಣಪತಿ ತಾತ" ಅಂದ ಮೇಲೆ ಸ್ವಲ್ಪ ನಕ್ಕರು. ಮಾಸ್ಕಿನ ಅಳತೆ ಬದಲಿಸಿದೆವು, ಗಾಳಿ ತೇವವಾಗಲು ಯಂತ್ರದ ಡಬ್ಬಿಗೆ ಡಿಸ್ಟಿಲ್ಡ್ ನೀರು ಹಾಕಿದೆವು, ಹಗಲಲ್ಲಿ ಟಿ.ವಿ. ನೋಡುತ್ತಾ ಹಾಕಿಕೊಂಡು ರೂಢಿ ಮಾಡಿಸಿದೆವು. ಎರಡು ತಿಂಗಳು ಹಿಡಿಯಿತು. ಬಿ.ಪಿ. ಈಗ ಹತೋಟಿಯಲ್ಲಿದೆ, ಮಾತ್ರೆ ಮಾತ್ರ ಬಿಟ್ಟಿಲ್ಲ. ಯಂತ್ರವನ್ನೂ ದಿನಾ ಹಾಕಲೇಬೇಕು. ತೆಗೆದ ರಾತ್ರಿ ಕಾಯಿಲೆ ಮೊದಲಿನಂತೆಯೇ.

ಇದು ಮುದುಕರದಷ್ಟೇ ಅಲ್ಲ. ಟಾನ್ಸಿಲ್, ಅಡಿನಾಯ್ಡ್ ದಪ್ಪವಾದ ಮಕ್ಕಳೂ ಬಾಯಿ ತೆರೆದು ಗೊರಕೆ ಹೊಡೆಯುತ್ತಾರೆ. ಹಗಲಲ್ಲಿ ಪಾಠಕ್ಕೆ ಗಮನವಿಲ್ಲ ಎಂದು ಬೈಸಿಕೊಳ್ಳುತ್ತಾರೆ. ಅಂಥವರನ್ನೂ ಡಾಕ್ಟರಿಗೆ ತೋರಿಸಬೇಕು. ಮಲಗಿದವರ ಉಸಿರನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಹೋದರೆ ಅವರಿಗೆ ಬೇಗ ಅರ್ಥವಾಗುತ್ತದೆ.

ಈ ಮಳೆಗಾಲದಲ್ಲಿ ಕರೆಂಟು ಬಹಳ ಕೈಕೊಟ್ಟಿತು. ಯಂತ್ರ ನಿಂತೊಡನೆ ಅವರಿಗಿಂತ ಮೊದಲು ನನಗೇ ಎಚ್ಚರ. ಹೋದ ವಾರ ಇನ್ವರ್ಟರ್ ಹಾಕಿಸಿದೆವು.