ಯಂತ್ರದ ಗವಸು

ಮನೆಮಂದಿಗೆಲ್ಲ ಬಟ್ಟೆ ಹೊಲಿದು ಕೊಡುವ ವಸ್ತುವು ತಾನು ಮಾತ್ರ ಬರಿಮೈಯಲ್ಲಿ ನಿಂತಿರುವುದು ಲೋಕದ ವಿಚಿತ್ರಗಳಲ್ಲೊಂದು. ದಿಂಬಿಗೆ ಗವಸುಂಟು, ವೀಣೆಗೆ ಗವಸುಂಟು, ಪಾರಾಯಣದ ಪುಸ್ತಕಕ್ಕೆ ಮಡಿವಸ್ತ್ರದ ಹೊದಿಕೆಯುಂಟು. ಹೊಲಿಗೆಯ ಯಂತ್ರವಾದರೋ ಕಿಟಕಿಯ ಬಳಿ ಬಿಸಿಲು ಧೂಳುಗಳಿಗೆ ಮೈಯೊಡ್ಡಿಕೊಂಡಿರುತ್ತದೆ. ಇದು ಯಾರೊಬ್ಬರ ಅನಾದರದಿಂದ ಆದುದಲ್ಲ. ಎಲ್ಲರಿಗೂ ಬಡಿಸಿ ಕಡೆಯಲ್ಲಿ ಉಣ್ಣುವವಳ ಎಲೆಯ ಪಾಡು ಏನೋ, ಅವಳ ಯಂತ್ರದ ಪಾಡೂ ಅದೇ. ಮಗುವಿನ ಲಂಗ, ನಾದಿನಿಯ ಕುಪ್ಪಸ, ನೆರೆಯವರ ಸೀರೆಯ ಅಂಚು, ಇವೆಲ್ಲ ಮುಗಿದ ಮೇಲಲ್ಲವೆ ಯಂತ್ರದ ಸರದಿ? ಆ ಸರದಿಯು ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿರುತ್ತದೆ.

ಹಿಂದೆ ಹೀಗಿರಲಿಲ್ಲ. ಕೈಯಿಂದ ತಿರುಗಿಸುವ ಹಳೆಯ ಸಿಂಗರ್ ಯಂತ್ರಗಳಿಗೆ ಬಾಗಿಸಿದ ಹಲಗೆಯ ಕಮಾನಿನಂತಹ ಮುಚ್ಚಳವೂ ಅದಕ್ಕೊಂದು ಬೀಗವೂ ಇರುತ್ತಿದ್ದುವು. ಎಲಿಯಾಸ್ ಹೋ ಎಂಬಾತನು 1846ರಲ್ಲಿಯೂ ಐಸಾಕ್ ಸಿಂಗರನು 1851ರಲ್ಲಿಯೂ ತಮ್ಮ ತಮ್ಮ ಯಂತ್ರಗಳಿಗೆ ಹಕ್ಕುಪತ್ರ ಪಡೆದರು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಯಂತ್ರವು ಹುಟ್ಟಿ, ಹೊಲಿಗೆಯು ಸಾಮಾನ್ಯ ಗೃಹಸ್ಥರ ಮನೆಗಳಿಗೂ ಬಂದಿತು. ಬೆಲೆಯು ಇಳಿದಂತೆ ಮರದ ಮುಚ್ಚಳವೂ ಮರೆಯಾಯಿತು. ಮಹಾತ್ಮಾ ಗಾಂಧಿಯವರು ಯಂತ್ರಗಳ ಮೋಹವನ್ನು ಖಂಡಿಸಿದವರಾದರೂ, 1924ರಲ್ಲಿ ರಾಮಚಂದ್ರನ್ ಎಂಬ ವಿದ್ಯಾರ್ಥಿಯೊಡನೆ ಮಾತನಾಡುತ್ತ ಸಿಂಗರನ ಯಂತ್ರಕ್ಕೆ ವಿನಾಯಿತಿ ಕೊಟ್ಟರು; ಹೆಂಡತಿಯು ಕೈಹೊಲಿಗೆಯಲ್ಲಿ ಬಳಲುವುದನ್ನು ನೋಡಲಾರದೆ, ಪ್ರೀತಿಯಿಂದ ಆತನು ಅದನ್ನು ಕಲ್ಪಿಸಿದನೆಂಬುದು ಅವರ ಭಾವನೆ. ಚರಿತ್ರೆಯನ್ನು ಕೇಳಿದರೆ, ಬಾಸ್ಟನ್ನಿನ ಕಾರ್ಖಾನೆಯೊಂದರಲ್ಲಿ ಲಾಭದ ದೃಷ್ಟಿಯಿಂದ ನಡೆದ ಕೆಲಸವದು ಎನ್ನುತ್ತದೆ. ಇರಲಿ. ಕಲ್ಪಿಸಿದವನಲ್ಲಿ ಪ್ರೀತಿಯಿದ್ದಿತೋ ಇಲ್ಲವೋ, ಬಳಸುವವಳಲ್ಲಿ ಅದು ಇರಬೇಕಾದುದು ಅಗತ್ಯ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಸೀಮೆಗಳಲ್ಲಿ ಆ ಪ್ರೀತಿಗೆ ವಿಶೇಷವಾದ ಪರೀಕ್ಷೆಯೊಂದುಂಟು. 2007ರಲ್ಲಿ ಇವು ಒಂದೇ ಜಿಲ್ಲೆಗೆ ಸೇರಿದುವು. ಆದರೆ ಒಂದೊಂದರ ಧೂಳೂ ಬೇರೆ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಮನೆಗಳಲ್ಲಿ ಆಲೆಮರದ ನಯವಾದ ಪುಡಿಯು ಗಾಳಿಯಲ್ಲಿ ತೇಲುತ್ತದೆ. ಕನಕಪುರದ ಕಡೆಯಲ್ಲಿ ಕಲ್ಲುಗಣಿಗಳ ಬಿಳಿಯ ಹುಡಿ. ಮಾಗಡಿಯ ಹಳ್ಳಿಗಳಲ್ಲಿ ಸುಗ್ಗಿ ಬಂದಿತೆಂದರೆ ರಾಗಿಯ ಹೊಟ್ಟು. ರಾಮನಗರದಲ್ಲಿ ರೇಷ್ಮೆಯ ನೂಲು ಬಿಚ್ಚುವ ಮನೆಗಳಿದ್ದು, ಅಲ್ಲಿ ಧೂಳಿಗಿಂತಲೂ ಗೂಡು ಬೇಯುವ ಬಿಸಿನೀರಿನ ಹಬೆಯೇ ಕಬ್ಬಿಣಕ್ಕೆ ಹೆಚ್ಚಿನ ವೈರಿ. ನಾಲ್ಕು ಕಡೆಗೂ ಸಾಮಾನ್ಯವಾದುದು ಹುಳುಮನೆಯ ಸುಣ್ಣ. ಪ್ರತಿಯೊಂದು ಬೆಳೆಗೂ ಮೊದಲು ಬ್ಲೀಚಿಂಗ್ ಪುಡಿ ಮತ್ತು ಸುಣ್ಣದ ನೀರಿನಿಂದ ಮನೆಯನ್ನು ಶುದ್ಧಿಮಾಡುತ್ತಾರೆ. ಹುಳುಗಳು ಜ್ವರಕ್ಕೆ ಕುಳಿತಾಗ ಹಾಸಿಗೆಯ ಮೇಲೆ ಸುಣ್ಣದ ಪುಡಿಯನ್ನು ಉದುರಿಸುತ್ತಾರೆ. ಒಂದು ಬೆಳೆಯಲ್ಲಿ ಹುಳುವಿಗೆ ಜ್ವರ ನಾಲ್ಕು. ಆದುದರಿಂದ ಸುಣ್ಣವೂ ನಾಲ್ಕು ಸಲ ಹಾರುತ್ತದೆ.

ಈ ಹುಡಿಯು ಯಂತ್ರಕ್ಕೆ ಮಾಡುವ ಕೇಡು ಕಣ್ಣಿಗೆ ಬೇಗ ಕಾಣುವಂತಹುದಲ್ಲ. ಕೀಲುಗಳಿಗೆ ಬಿಟ್ಟ ಎಣ್ಣೆಯು ಧೂಳನ್ನೂ ನೂಲಿನ ಜೂಲನ್ನೂ ಹಿಡಿದುಕೊಂಡು, ದಿನ ಕಳೆದಂತೆ ಅಂಟಿನಂತಾಗುತ್ತದೆ. ಬಟ್ಟೆಯನ್ನು ಮುಂದಕ್ಕೆ ನೂಕುವ ಹಲ್ಲುಗಳ ಸಂದು ತುಂಬಿಕೊಳ್ಳುತ್ತದೆ, ಚಕ್ರವು ಭಾರವಾಗುತ್ತದೆ, ಹೊಲಿಗೆಯು ಅಲ್ಲಲ್ಲಿ ತಪ್ಪುತ್ತದೆ. ಬ್ಲೀಚಿಂಗ್ ಪುಡಿಯ ಆವಿಗೆ ತೇವವೂ ಕೂಡಿದರೆ ಉಕ್ಕಿಗೆ ತುಕ್ಕು ತಪ್ಪದು. ಈ ಆವಿಯನ್ನು ಬಟ್ಟೆಯ ಗವಸು ತಡೆಯಲಾರದು. ಔಷಧ ಸಿಂಪಡಿಸುವ ದಿನ ಯಂತ್ರವನ್ನು ಬೇರೆಡೆಗೆ ಸಾಗಿಸುವುದೇ ದಾರಿ. ಮಿಕ್ಕ ದಿನಗಳ ಧೂಳಿಗೆ ಗವಸು ಸಾಕು. ಪ್ಲಾಸ್ಟಿಕ್ಕಿನದು ಅಗ್ಗವೆಂಬುದು ನಿಜ. ಆದರೆ ಅದು ಒಳಗಿನ ತೇವವನ್ನು ಒಳಗೇ ಹಿಡಿದಿಡುತ್ತದೆ. ಹತ್ತಿಯ ಬಟ್ಟೆಯಾದರೆ ಉಸಿರಾಡುತ್ತದೆ.

ಇಂತಹ ಮನೆಯೊಂದರಲ್ಲಿ ಸೊಸೆಯು ಗವಸು ಹೊಲಿಯಲು ಬಟ್ಟೆಯನ್ನು ಹರಡಿಕೊಂಡಳೆಂದರೆ ಅತ್ತೆಯ ಬಾಯಿ ಸುಮ್ಮನಿರುವುದುಂಟೆ?

“ಯಂತ್ರಕ್ಕೂ ಕುಪ್ಪಸವೇನಮ್ಮ? ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ ಅಂದ ಹಾಗಾಯಿತು!”

“ನಮ್ಮ ಅಂಬಲಿಗೆ ಉಪ್ಪು ಬರುವುದೂ ಇದರಿಂದಲೇ ಅಲ್ಲವೆ, ಅತ್ತೆಮ್ಮ?”

ಈ ಉತ್ತರದಲ್ಲಿ ವಿನೋದವಿರುವಂತೆಯೇ ಲೆಕ್ಕವೂ ಇದೆ. ಹುಳುವಿನ ಬೆಳೆ ಕೈಕೊಟ್ಟ ತಿಂಗಳಲ್ಲಿ ಮನೆಯ ಸಣ್ಣಪುಟ್ಟ ಖರ್ಚು ನಡೆದುದು ಕುಪ್ಪಸ ಹೊಲಿದ ಹಣದಿಂದ. ಆದರೂ ಆ ದುಡಿಮೆಗೆ ಮನೆಯಲ್ಲಿ ಇರುವ ಹೆಸರು ‘ಬಿಡುವಿನ ಕೆಲಸ’. 2023ರಲ್ಲಿ ಆರಂಭವಾದ ವಿಶ್ವಕರ್ಮ ಯೋಜನೆಯು ಹೊಲಿಗೆಯವರನ್ನೂ ಬೊಂಬೆ ಮಾಡುವವರನ್ನೂ 18 ಕಸಬುದಾರರ ಪಟ್ಟಿಯಲ್ಲಿ ಸೇರಿಸಿತು. ಸರಕಾರವು ಕಸಬೆಂದು ಎಣಿಸಿದುದನ್ನು ಮನೆಯು ಬಿಡುವೆಂದು ಎಣಿಸಿದರೆ, ಸೊಸೆಯು ವಾದಿಸುವುದೆಲ್ಲಿ? ಅವಳ ವಾದವೇ ಗವಸು. ರೈತನು ನೇಗಿಲನ್ನು ಮಳೆಗೆ ಬಿಡುವುದಿಲ್ಲ; ಅಕ್ಕಸಾಲಿಗನು ತಕ್ಕಡಿಯನ್ನು ಧೂಳಿಗೆ ಬಿಡುವುದಿಲ್ಲ. ಹತ್ಯಾರಕ್ಕೆ ಮರ್ಯಾದೆ ಮಾಡುವವನ ಕೆಲಸವನ್ನು ಇತರರೂ ಕೆಲಸವೆಂದು ತಿಳಿಯುತ್ತಾರೆ.

ಹೊಲಿಯುವ ಕ್ರಮವೇನೂ ಕಠಿಣವಲ್ಲ. ಯಂತ್ರದ ಉದ್ದ, ಅಗಲ, ಎತ್ತರಗಳನ್ನು ಅಳೆದು, ಗವಸು ಬಿಗಿಯಾಗದಂತೆ ಸ್ವಲ್ಪ ಸಡಿಲ ಸೇರಿಸಿಕೊಳ್ಳಬೇಕು. ಹೀಗೆ ಸೇರಿಸಿದ ಅಳತೆಯು ಉದ್ದ 20 ಅಂಗುಲ, ಅಗಲ 9, ಎತ್ತರ 12 ಎಂದಿಟ್ಟುಕೊಂಡರೆ, ಎದುರು, ನೆತ್ತಿ, ಬೆನ್ನು ಮೂರಕ್ಕೂ ಒಂದೇ ಪಟ್ಟಿ ಸಾಕು. 12, 9, 12 ಕೂಡಿ 33 ಅಂಗುಲ. ಎರಡು ಕೊನೆಗಳ ಮಡಿಕೆಗೆ ಒಂದೂವರೆ ಅಂಗುಲದಂತೆ 3. ಒಟ್ಟು 36, ಅಂದರೆ ಸರಿಯಾಗಿ ಒಂದು ಗಜ. ಪಟ್ಟಿಯ ಅಗಲವು ಅಂಚೊಂದಕ್ಕೆ ಅರ್ಧ ಅಂಗುಲ ಸೇರಿ 21. ಪಕ್ಕದ ತುಂಡುಗಳೆರಡು, ಒಂದೊಂದೂ 10 ಅಂಗುಲ ಅಗಲ, 14 ಅಂಗುಲ ಎತ್ತರ. ಒಗೆದು ಒಣಗಿಸಿದ ಮೇಲೂ 36 ಅಂಗುಲ ಪನ್ನವಿರುವ ಗಟ್ಟಿಯಾದ ಹತ್ತಿಯ ಬಟ್ಟೆಯು ಒಂದು ಗಜವಿದ್ದರೆ ಇವೆಲ್ಲವೂ ಅದರಲ್ಲಿ ಹೊರಟು, ಕತ್ತರಿಯನ್ನೂ ಬಾಬಿನ್‌ಗಳನ್ನೂ ಇಡುವ ಜೇಬಿಗೂ ಚೂರು ಉಳಿಯುತ್ತದೆ. ಜೇಬನ್ನು ಮೊದಲೇ ಪಟ್ಟಿಯ ಮುಂಭಾಗಕ್ಕೆ ಹೊಲಿದುಬಿಡುವುದು ಲೇಸು. ಗವಸು ಸಿದ್ಧವಾದ ಮೇಲೆ ಅದರೊಳಗೆ ಸೂಜಿಯಾಡಿಸುವುದು ಕಷ್ಟ.

ಜಾಣ್ಮೆ ಬೇಕಾದುದು ಮೂಲೆಗಳಲ್ಲಿ. ಪಟ್ಟಿಯ ಮಧ್ಯವನ್ನೂ ಪಕ್ಕದ ತುಂಡಿನ ನೆತ್ತಿಯ ಮಧ್ಯವನ್ನೂ ಒಂದಕ್ಕೊಂದು ಕೂಡಿಸಿ, ಟಾಕು ಹಾಕಿಕೊಳ್ಳಬೇಕು. ಮೂಲೆಗೆ ಬಂದಾಗ ಸೂಜಿಯನ್ನು ಬಟ್ಟೆಯಲ್ಲಿಯೇ ಇಳಿಸಿ ನಿಲ್ಲಿಸಿ, ಪಾದವನ್ನು ಎತ್ತಿ, ಪಟ್ಟಿಯ ಅಂಚಿಗೆ ಹೊಲಿಗೆಯನ್ನು ತಾಕದಂತೆ ಒಂದು ಸಣ್ಣ ಕತ್ತರಿ ಕೊಟ್ಟು, ಬಟ್ಟೆಯನ್ನು ತಿರುಗಿಸಿಕೊಳ್ಳಬೇಕು. ಅವಸರಪಟ್ಟು ಎಳೆದರೆ ಮೂಲೆಯು ಮುದುರುತ್ತದೆ. ಕೆಳಗಿನ ಅಂಚನ್ನು ಮೊದಲು ಅರ್ಧ ಅಂಗುಲ, ಅನಂತರ ಒಂದು ಅಂಗುಲ ಮಡಿಸಿ, ಸುತ್ತಲೂ ಒಂದು ಸಾಲು ಹೊಲಿದರೆ ಕೆಲಸ ಮುಗಿದಂತೆ. ಯಂತ್ರವು ತನ್ನ ಉಡಿಗೆಯನ್ನು ತಾನೇ ಹೊಲಿದುಕೊಂಡಿರುತ್ತದೆ! ಆ ರಾತ್ರಿ ಹಳೆಯ ಜೂಲನ್ನು ಕುಂಚದಿಂದ ತೆಗೆದು, ಕೀಲುಗಳಿಗೆ ಎರಡೆರಡು ಹನಿ ಎಣ್ಣೆ ಬಿಟ್ಟು, ಪಾದದಡಿಯಲ್ಲಿ ಚಿಂದಿಯೊಂದನ್ನು ಇರಿಸಿದ ಮೇಲೆಯೇ ಹೊದಿಸಬೇಕು. ಕೊಳೆಯ ಮೇಲೆ ಹೊದಿಸಿದ ಗವಸು ಕೊಳೆಯನ್ನೇ ಕಾಯುತ್ತದೆ.

ಇಷ್ಟಾದರೂ ಗವಸಿನಿಂದ ಅಪಾಯವೊಂದುಂಟು. ಧೂಳು ಬರಬಾರದೆಂದು ಮುಚ್ಚಿದ ಯಂತ್ರದ ಮೇಲೆ ಬೇರೆ ವಸ್ತುಗಳು ಬರತೊಡಗುತ್ತವೆ. ಮೊದಲ ದಿನ ಮಗುವಿನ ಪುಸ್ತಕ, ಮರುದಿನ ಒಗೆದ ಬಟ್ಟೆಯ ರಾಶಿ, ಮೂರನೆಯ ದಿನ ಸುಣ್ಣದ ಡಬ್ಬಿ. ಇವನ್ನೆಲ್ಲ ಇಳಿಸುವ ಬೇಸರದಿಂದ ಹೊಲಿಗೆಯು ನಾಳೆಗೆ ಹೋಗುತ್ತದೆ. ನಾಳೆಯು ಮುಂದಿನ ತಿಂಗಳಿಗೆ ಹೋಗುತ್ತದೆ. ಕಡೆಗೆ ಆಯುಧಪೂಜೆಯ ದಿನ ಗವಸನ್ನು ತೆಗೆದು, ಕುಂಕುಮವಿಟ್ಟು, ಮತ್ತೆ ಮುಚ್ಚುತ್ತಾರೆ. ಅಂತಹ ಮನೆಯಲ್ಲಿ ಗವಸು ಹೊಸತಾಗಿಯೇ ಉಳಿಯುತ್ತದೆ; ಹಾಳಾದುದು ಯಂತ್ರವಲ್ಲ, ಅದನ್ನು ನಡೆಯಿಸುತ್ತಿದ್ದವಳ ಅಭ್ಯಾಸ. ವರುಷಕ್ಕೊಂದು ಪೂಜೆಯನ್ನು ಮಾತ್ರ ಕಂಡ ಯಂತ್ರಕ್ಕಿಂತ ದಿನವೂ ಒರೆಸಿಕೊಂಡು ಓಡಿದ ಯಂತ್ರವೇ ಹೆಚ್ಚು ಪೂಜೆಗೊಂಡುದು.

ಆದುದರಿಂದ ಗವಸಿನ ಚೆಲುವನ್ನು ಅದರ ಬಣ್ಣದಲ್ಲಿ ನೋಡತಕ್ಕುದಲ್ಲ. ಬೆಳಿಗ್ಗೆ ಎತ್ತಿ ಸಂಜೆ ಹೊದಿಸುವ ಕೈಯು ಹಿಡಿದ ಜಾಗದಲ್ಲಿ ಬಟ್ಟೆಯು ಮಾಸಿ ಮೆತ್ತಗಾಗಿರಬೇಕು. ಕೆಳಗಿನ ಅಂಚು ಒಮ್ಮೆಯಾದರೂ ಸವೆದು ಮರಳಿ ಹೊಲಿಸಿಕೊಂಡಿರಬೇಕು. ಅಂತಹ ಗವಸನ್ನು ನೋಡಿದ ಅತ್ತೆಯು ತನ್ನ ಗಾದೆಯನ್ನು ಮರೆತು, ಅದರ ಮೇಲೆ ಯಾರೋ ಇಟ್ಟುಹೋದ ಸುಣ್ಣದ ಡಬ್ಬಿಯನ್ನು ತಾನೇ ತೆಗೆದು ಕೆಳಗಿಡುತ್ತಾಳೆ.